ಜಾದೂ ಪುಟದ ಬಲಗೈ

ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಜಾದೂ ಪುಟದ ಹೊಣೆ ಹೊತ್ತ ಮೊದಲ ವರ್ಷವೇ ನನ್ನಿಂದ ಒಂದು ತಪ್ಪಾಯಿತು. ನಾಣ್ಯವನ್ನು ಅಂಗೈಯಲ್ಲಿ ಅಡಗಿಸುವ ಕ್ರಮವನ್ನು ವಿವರಿಸುತ್ತಾ ಬರಹದಲ್ಲಿ ‘ಬಲಗೈ’ ಎಂದಿದ್ದೆ. ಚಿತ್ರವನ್ನು ಮಾತ್ರ ಪ್ರೇಕ್ಷಕರ ಕಡೆಯಿಂದ ಕಂಡಂತೆ ಬರೆಸಿದ್ದೆ. ಚಿತ್ರ ನೋಡಿ ಎಡಗೈಯಲ್ಲಿ ಅಭ್ಯಾಸ ಮಾಡಿದ ಮಕ್ಕಳು, ನಾಣ್ಯ ನಿಲ್ಲುತ್ತಲೇ ಇಲ್ಲವೆಂದು ಕಾಗದ ಬರೆದರು.

ಉಳಿದವರು ಇದನ್ನು ಹೇಗೆ ನಿಭಾಯಿಸಿದ್ದಾರೆಂದು ತಿಳಿಯಲು ಜಾದೂ ಪತ್ರಿಕೆಗಳ ಇತಿಹಾಸವನ್ನು ಓದತೊಡಗಿದೆ. ಅಮೆರಿಕದ ‘ದಿ ಸ್ಫಿಂಕ್ಸ್’ 1902ರಲ್ಲಿ, ಲಂಡನ್ನಿನ ಮ್ಯಾಜಿಕ್ ಸರ್ಕಲ್ ಸಂಸ್ಥೆಯ ‘ದಿ ಮ್ಯಾಜಿಕ್ ಸರ್ಕ್ಯುಲರ್’ 1906ರಲ್ಲಿ ಆರಂಭವಾದವು. ಅವು ಬಲ್ಲವರು ಬಲ್ಲವರಿಗಾಗಿ ಬರೆದ ಪತ್ರಿಕೆಗಳು. ಎಳೆಯರಿಗೆ ತಮ್ಮದೇ ಸಂಘಗಳು ದೊರೆತದ್ದು ಬಹಳ ತಡವಾಗಿ: ಅಮೆರಿಕದಲ್ಲಿ 1984ರಲ್ಲಿ ಸೊಸೈಟಿ ಆಫ್ ಯಂಗ್ ಮೆಜಿಶಿಯನ್ಸ್, ಆಮೇಲೆ ಮ್ಯಾಜಿಕ್ ಸರ್ಕಲ್ ಕಟ್ಟಿದ ಯಂಗ್ ಮೆಜಿಶಿಯನ್ಸ್ ಕ್ಲಬ್ ಮತ್ತು ಅದರ ಸದಸ್ಯರ ಪತ್ರಿಕೆ ‘ಸೀಕ್ರೆಟ್ಸ್’.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇವೆಲ್ಲಕ್ಕಿಂತ ಹಿಂದಿನ ಸಂಗತಿ. ಏಂಜೆಲೊ ಜಾನ್ ಲೂಯಿಸ್ ಎಂಬ ಇಂಗ್ಲಿಷ್ ವಕೀಲರು ‘ಪ್ರೊಫೆಸರ್ ಹಾಫ್‌ಮನ್’ ಎಂಬ ಕಾವ್ಯನಾಮದಲ್ಲಿ ‘ಎವ್ರಿ ಬಾಯ್ಸ್ ಮ್ಯಾಗಜಿನ್’ ಎಂಬ ಹುಡುಗರ ಪತ್ರಿಕೆಗೆ ಬರೆದ ಲೇಖನಮಾಲೆಯೇ 1876ರಲ್ಲಿ ‘ಮಾಡರ್ನ್ ಮ್ಯಾಜಿಕ್’ ಎಂಬ ಗ್ರಂಥವಾಯಿತು. ಅದಕ್ಕೂ ಮೊದಲಿನ ಇಂಗ್ಲಿಷ್ ಪುಸ್ತಕಗಳಲ್ಲಿ ಬಹುಪಾಲು ತಂತ್ರದ ಗುಟ್ಟನ್ನಷ್ಟೇ ಹೇಳಿ ಮುಗಿಸುತ್ತಿದ್ದರೆ, ಇವರು ನಾಣ್ಯವನ್ನು ಎಲ್ಲಿ ಒತ್ತಿ ಹಿಡಿಯಬೇಕು, ಆ ಹೊತ್ತಿನಲ್ಲಿ ಕಣ್ಣು ಎತ್ತ ನೋಡುತ್ತಿರಬೇಕು ಎಂಬುದನ್ನೂ ಬಿಡಿಸಿ ಬರೆದರು. ರಹಸ್ಯವೆಲ್ಲ ಬಯಲಾಯಿತೆಂದು ವೃತ್ತಿಪರರು ಕಳವಳಪಟ್ಟರೂ, ಮುಂದಿನ ತಲೆಮಾರಿನ ಅನೇಕ ಜಾದೂಗಾರರು ಕಲಿತದ್ದು ಅದೇ ಪುಸ್ತಕದಿಂದ. ಏನೂ ಅರಿಯದ ಹುಡುಗನನ್ನು ಎದುರಿಗಿಟ್ಟುಕೊಂಡು ಬರೆದದ್ದರಿಂದಲೇ ಆ ಬರಹಕ್ಕೆ ಅಷ್ಟು ಖಚಿತತೆ ಬಂದಿತೆಂದು ನಾನು ದೃಢವಾಗಿ ನಂಬುತ್ತೇನೆ.

ಈಗ ನಮ್ಮ ಪುಟದ ಚಿತ್ರಗಳೆಲ್ಲ ಜಾದೂ ಮಾಡುವವರ ಹೆಗಲ ಮೇಲಿಂದ ಕಂಡಂತೆ ಇರುತ್ತವೆ. ಅಚ್ಚಿಗೆ ಕಳಿಸುವ ಮೊದಲು ಕರಡನ್ನು ಆ ತಂತ್ರ ಗೊತ್ತಿಲ್ಲದ ಒಂದು ಮಗುವಿನ ಕೈಗಿತ್ತು, ಮಾತನಾಡದೆ ಪಕ್ಕದಲ್ಲಿ ಕುಳಿತು, ಮಗು ತಡವರಿಸಿದ ಸಾಲಿನ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತೇನೆ. ಕಳೆದ ತಿಂಗಳ ಹಗ್ಗದ ಗಂಟಿನ ಆಟದಲ್ಲಿ ಅಂಥ ಗುರುತು ಬಿದ್ದದ್ದು ‘ಕೈಯನ್ನು ಸಹಜವಾಗಿ ತಿರುಗಿಸಿ’ ಎಂಬ ಮಾತಿಗೆ. ಅದನ್ನು ‘ಹೆಬ್ಬೆರಳು ನಿಮ್ಮ ಎದೆಯ ಕಡೆಗೆ ಬರುವಂತೆ ಮಣಿಕಟ್ಟನ್ನು ತಿರುಗಿಸಿ’ ಎಂದು ತಿದ್ದಿದೆ.