ಬಳ್ಳಾರಿ ಬಿಸಿಲು, ಸೀದ ಹುರುಳಿ
ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಿಂದ ಸುಮಾರು 20 ಲಕ್ಷ ವರ್ಷ ಹಳೆಯ ಡಿಎನ್‌ಎ ತೆಗೆದು, ಅಲ್ಲಿ ಆನೆಯ ದೂರದ ನೆಂಟ ಮ್ಯಾಸ್ಟೊಡಾನ್ ಓಡಾಡ್ತಿತ್ತು ಅಂತ 2022ರಲ್ಲಿ ವಿಜ್ಞಾನಿಗಳು ಹೇಳಿದ್ರು. ಅದರ ಒಂದು ಮೂಳೆಯೂ ಅಲ್ಲಿ ಸಿಕ್ಕಿರಲಿಲ್ಲ! ಓದಿ ಸ್ವಲ್ಪ ಹೊಟ್ಟೆಕಿಚ್ಚಾಯ್ತು. ನಮ್ಮ ಬಳ್ಳಾರಿ ಬಿಸಿಲಲ್ಲಿ ಡಿಎನ್‌ಎ ಅಷ್ಟು ಕಾಲ ಎಲ್ಲಿ ಉಳೀಬೇಕು?

ಆದರೆ ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಆಗಿನವರು ಏನು ತಿಂತಿದ್ರು ಅಂತ ತಿಳಿಯೋಕೆ ಬೇರೆ ಉಪಾಯ ಇದೆ. ಅಗೆದ ಮಣ್ಣನ್ನ ನೀರಿಗೆ ಹಾಕಿ ಕಲಕ್ತಾರೆ. ಮಣ್ಣು ತಳ ಸೇರುತ್ತೆ, ಇದ್ದಿಲಾದ ಕಾಳು ತೇಲುತ್ತೆ. ಅದನ್ನ ಸೋಸಿ, ಒಣಗಿಸಿ, ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿದರೆ ಹುರುಳಿ, ಹೆಸರುಕಾಳು, ಕೊರಲೆ. ಸುಮಾರು 4000 ವರ್ಷದ ಹಿಂದೆ ಯಾರದೋ ಒಲೆ ಹತ್ತಿರ ಸೀದು ಕರಕಲಾದದ್ದು. ಚೆನ್ನಾಗಿ ಬೆಂದದ್ದೆಲ್ಲ ಅವತ್ತೇ ಹೊಟ್ಟೆ ಸೇರಿತ್ತು ಬಿಡಿ.

ಆ ಕಾಲದ ಬೂದಿದಿಬ್ಬಗಳದ್ದು ಇನ್ನೊಂದು ಕಥೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನ ವಾಲಿಯ ಚಿತೆ ಅಂತಾರೆ ಜನ. ಸಂಶೋಧಕರ ಪ್ರಕಾರ ಇಂಥ ದಿಬ್ಬಗಳು ಸುಟ್ಟ ಸೆಗಣಿ ರಾಶಿ, ಅಂದರೆ ಹಳೇ ದನದ ದೊಡ್ಡಿಗಳ ಗುರುತು.

ಅಂದ ಹಾಗೆ, ಅದೇ ಕೊರಲೆ ಈಗ ಅಂಗಡಿಯಲ್ಲಿ ಸಿರಿಧಾನ್ಯ. ಅಕ್ಕಿಗಿಂತ ದುಬಾರಿ.