"ಆ ಮಾತ್ರೆ ಕೆಲಸ ಮಾಡ್ತೇನಮ್ಮಾ?"

ಮಂಗಳವಾರ ಬೆಳಿಗ್ಗೆ ಪೋಸ್ಟರ್ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಲಿಫ್ಟಿಗೆ ಕಾಯುತ್ತಿದ್ದೆ. ಹಿಂದಿನಿಂದ ಪರಿಚಯದ ದನಿ. "ಏನಮ್ಮಾ, ನೆನಪಿದೆಯಾ ನಂದು? ಆ ಮಾತ್ರೆ ಕೆಲಸ ಮಾಡ್ತೇನಮ್ಮಾ?"

ನೆನಪಿಲ್ಲದೆ ಏನು. ನಮ್ಮ ಔಷಧಿ ಪರೀಕ್ಷೆಗೆ, ಅಂದರೆ ಟ್ರಯಲ್‌ಗೆ, 18 ತಿಂಗಳಲ್ಲಿ 11 ಸಲ ಬರಬೇಕಿತ್ತು, ಒಂದನ್ನೂ ತಪ್ಪಿಸಿದವರಲ್ಲ. ಉಳಿದವರನ್ನು ಕರೆಸೋಕೆ ಮೂರು ಮೂರು ಸಲ ಫೋನ್ ಮಾಡುತ್ತಿದ್ದೆ. ಇವರು ಮಾತ್ರ ಖಾಲಿ ಸ್ಟ್ರಿಪ್‌ಗಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು, ನಾನು ಬರುವ ಮೊದಲೇ ಬೆಂಚಿನ ಮೇಲೆ ಕೂತಿರುತ್ತಿದ್ದರು. ಟ್ರಯಲ್ ಮುಗಿದು ಎರಡೂವರೆ ವರ್ಷ ಆಯಿತು.

"ಇನ್ನೂ ಲೆಕ್ಕ ನಡೀತಾ ಇದೆ ಸರ್" ಅಂದೆ.

ಸುಳ್ಳು. ಲೆಕ್ಕ ಮುಗಿದು ವರ್ಷದ ಮೇಲಾಗಿದೆ. ಅದರ ಗ್ರಾಫೇ ನನ್ನ ಕಂಕುಳಲ್ಲಿತ್ತು. "ಆಗಲಿ ಬಿಡಮ್ಮ, ನಿಧಾನ ಆದ್ರೂ ಸರಿಯಾಗಿ ಆಗಲಿ" ಅಂತ ಹೇಳಿ ಮೆಟ್ಟಿಲು ಹತ್ತಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಪೋಸ್ಟರ್ ಮುಂದೆ ಎರಡು ಗಂಟೆ ನಿಂತೆ. ಎಂಟು ಜನ ಬಂದರು. ಇಬ್ಬರು ಫೋಟೊ ತೆಗೆದುಕೊಂಡರು, ಒಬ್ಬರು ಟಾಯ್ಲೆಟ್ ಯಾವ ಕಡೆ ಅಂತ ಕೇಳಿದರು. ನಮ್ಮ ಭಾಷೆಯಲ್ಲಿ ಇದಕ್ಕೆ ಹೊಸ ಸಂಶೋಧನೆ ಹಂಚಿಕೊಳ್ಳೋದು ಅಂತಾರೆ.

ಫಲಿತಾಂಶ ಏನಂದ್ರೆ, ಏನೂ ಇಲ್ಲ. ಔಷಧಿ ತಿಂದವರಿಗೂ ಪ್ಲಸೀಬೊ, ಅಂದರೆ ಹೋಲಿಸಿ ನೋಡೋಕೆ ಕೊಡುವ ಹುಸಿ ಮಾತ್ರೆ, ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರಬಂಧದ ಕರಡು ಅದಕ್ಕೇ ನಮ್ಮ ಬಾಸ್ ಟೇಬಲ್ ಮೇಲೆ ಮಲಗಿದೆ. "ಇದನ್ನ ಯಾರು ಓದ್ತಾರೆ?" ಅನ್ನೋದು ಅವರ ಮಾತು. ಕೆಟ್ಟ ಮನುಷ್ಯರಲ್ಲ, ರೋಗಿಗಳ ಹತ್ತಿರ ನನಗಿಂತ ಜಾಸ್ತಿ ತಾಳ್ಮೆ ಅವರಿಗೆ. ಆದರೆ ಗೆದ್ದ ಆಟದ ಸ್ಕೋರ್ ಮಾತ್ರ ಹೇಳುವ ಹುಡುಗರ ಥರ ಆಡ್ತಾರೆ, ಈ ವಿಷಯದಲ್ಲಿ.

ಇದು ಬರೀ ಬೇಜಾರಿನ ವಿಷಯ ಅಲ್ಲ. 1980ರಲ್ಲಿ ಲಾರ್ಕೈನೈಡ್ ಅನ್ನೋ, ಹೃದಯ ಬಡಿತದ ಏರುಪೇರು ತಡೆಯುವ ಔಷಧಿಯನ್ನು ಹೃದಯಾಘಾತ ಆದವರ ಮೇಲೆ ಪರೀಕ್ಷೆ ಮಾಡಿದ್ದರು. ಸುಮಾರು ನೂರು ಜನರ ಚಿಕ್ಕ ಟ್ರಯಲ್. ಔಷಧಿ ತಿಂದವರಲ್ಲಿ 9 ಜನ ಸತ್ತರು, ಪ್ಲಸೀಬೊ ಗುಂಪಿನಲ್ಲಿ ಒಬ್ಬರು. ಕಾಕತಾಳೀಯ ಇರಬೇಕು ಅಂದುಕೊಂಡರು. ಔಷಧಿಯನ್ನು ವ್ಯಾಪಾರದ ಕಾರಣಕ್ಕೆ ಕೈಬಿಟ್ಟಿದ್ದರು, ಹಾಗಾಗಿ ಪ್ರಬಂಧವೂ ಹೊರಗೆ ಬರಲಿಲ್ಲ. ಅದೇ ಜಾತಿಯ ಬೇರೆ ಔಷಧಿಗಳನ್ನು ಮಾತ್ರ ವೈದ್ಯರು ಬರೆದು ಕೊಡುತ್ತಲೇ ಇದ್ದರು. ಅವುಗಳಿಂದ ಸಾವು ಜಾಸ್ತಿ ಆಗ್ತಿದೆ ಅಂತ ದೊಡ್ಡ ಟ್ರಯಲ್ ಒಂದು ತೋರಿಸಿದ್ದು 1989ರಲ್ಲಿ. ಲಾರ್ಕೈನೈಡ್ ಲೆಕ್ಕ ಅಚ್ಚಾಗಿದ್ದು 1993ಕ್ಕೆ. ಮೊದಲೇ ಹೇಳಿದ್ದರೆ ಅದೊಂದು ಎಚ್ಚರಿಕೆ ಆಗಬಹುದಿತ್ತು ಅಂತ ಅದನ್ನು ಮಾಡಿದವರೇ ಬರೆದುಕೊಂಡರು. ಹದಿಮೂರು ವರ್ಷ ಆ ಕಾಗದಗಳೂ ಯಾವುದೋ ಟೇಬಲ್ ಮೇಲೆ ಇದ್ದವಲ್ಲ.

ಒಳ್ಳೆ ಸುದ್ದಿಗೆ ಮಾತ್ರ ಕಾಲು ಬರುತ್ತೆ ನೋಡಿ. 2020ರ ಜೂನ್‌ನಲ್ಲಿ, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವು ಡೆಕ್ಸಾಮೆಥಾಸೋನ್‌ನಿಂದ ಮೂರನೇ ಒಂದು ಭಾಗ ಕಡಿಮೆ ಆಗುತ್ತೆ ಅಂತ ಬ್ರಿಟನ್ನಿನ ರಿಕವರಿ ಟ್ರಯಲ್‌ನವರು ಪ್ರಬಂಧಕ್ಕೂ ಕಾಯದೆ ಹೇಳಿದರು. ಹಳೇ, ಅಗ್ಗದ ಸ್ಟೆರಾಯ್ಡ್. ಮನಸ್ಸು ಮಾಡಿದರೆ ಬೇಗ ಹೇಳೋಕೆ ಬರುತ್ತೆ ನಮಗೂ.

ಅದೂ ಹೋಗಲಿ, ಪತ್ರಿಕೆಯಲ್ಲಿ ಬಂದರೂ ಟ್ರಯಲ್‌ಗೆ ಬಂದವರು ಎಲ್ಲಿ ಓದ್ತಾರೆ? ಭಾಗವಹಿಸಿದವರಿಗೆ ಫಲಿತಾಂಶ ತಿಳಿದುಕೊಳ್ಳುವ ಅವಕಾಶ ಕೊಡಬೇಕು ಅಂತ ಹೆಲ್ಸಿಂಕಿ ಘೋಷಣೆಯ, ಅಂದರೆ ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿಸೂತ್ರಗಳ, 2013ರ ಆವೃತ್ತಿಯಲ್ಲೇ ಇದೆ. ಭಾಗವಹಿಸೋಕೆ ಒಪ್ಪಿ ಸಹಿ ಹಾಕುವ ನಮ್ಮ ಕನ್ಸೆಂಟ್ ಫಾರ್ಮಿನಲ್ಲೂ ಒಂದು ಚೌಕ ಇತ್ತು: "ಫಲಿತಾಂಶ ತಿಳಿಸಿ". ಬುಧವಾರ, ಲಿಫ್ಟ್ ಹತ್ತಿರ ಸಿಕ್ಕಿದವರ ಫೈಲ್ ತೆಗೆದು ನೋಡಿದೆ. ಎರಡು ಸಲ ಟಿಕ್ ಹಾಕಿದ್ದಾರೆ, ಪೆನ್ನು ಒತ್ತಿ.

ಬಾಸ್ ಹತ್ತಿರ ಹೋಗಿ, ಎಲ್ಲರಿಗೂ ಒಂದು ಪುಟ ಬರೆದು ಕಳಿಸೋಣ ಅಂದೆ. "ಬರಿ, ಎಥಿಕ್ಸ್ ಕಮಿಟಿಗೆ ಹಾಕೋಣ" ಅಂದರು, ಅಷ್ಟು ಸುಲಭವಾಗಿ. ಇಷ್ಟು ದಿನ ನಾನೇ ಕೇಳಿರಲಿಲ್ಲ ಅನ್ನೋದು ಆಗ ಹೊಳೆಯಿತು. ಬರೆಯೋಕೆ ಕೂತರೆ ಪೆನ್ನೇ ಓಡಲಿಲ್ಲ. ಪೋಸ್ಟರ್ ಅರ್ಧ ದಿನದಲ್ಲಿ ಆಗಿತ್ತು. "ಗಣನೀಯ ವ್ಯತ್ಯಾಸ ಕಂಡುಬಂದಿಲ್ಲ" ಅಂತ ಬರೆದು ಹೊಡೆದು ಹಾಕಿದೆ. "ನಿಮ್ಮ ಸಹಕಾರ ವ್ಯರ್ಥವಾಗಿಲ್ಲ" ಅಂತ ಬರೆದೆ, ಅದು ಸತ್ತ ಮನೆಯಲ್ಲಿ ಹೇಳುವ ಮಾತಿನಂತೆ ಕೇಳಿಸಿತು, ಅದನ್ನೂ ಹೊಡೆದು ಹಾಕಿದೆ. ಕೊನೆಗೆ ಉಳಿದಿದ್ದು: "ಈ ಮಾತ್ರೆಯಿಂದ ಉಪಯೋಗ ಆಗಲಿಲ್ಲ. ನೀವು ಬಂದಿದ್ದಕ್ಕೆ ಅದು ಗೊತ್ತಾಯಿತು."

ಸಂಜೆ, ಯಾರಿಗೆ ಯಾವ ಮಾತ್ರೆ ಕೊಟ್ಟಿತ್ತು ಅನ್ನೋ ಕೋಡ್ ಪಟ್ಟಿಯಲ್ಲಿ ಅವರ ನಂಬರ್ ಹುಡುಕಿದೆ. ಪ್ಲಸೀಬೊ. ಔಷಧಿಯೇ ಇಲ್ಲದ ಮಾತ್ರೆ, 18 ತಿಂಗಳು. ಅವರ ಫೈಲಿನಲ್ಲಿ ಮಾತ್ರ, ಮೂರನೇ ಭೇಟಿ, ನಾಲ್ಕನೇ ಭೇಟಿ, ಏಳನೇ ಭೇಟಿ, ನನ್ನದೇ ಅಕ್ಷರ: ಮಾತ್ರೆ ತಿಂದ ಮೇಲೆ ತಲೆಸುತ್ತು. ಇದಕ್ಕೆ ನೊಸೀಬೊ ಅಂತ ಹೆಸರಿದೆ, ತೊಂದರೆ ಆಗುತ್ತೆ ಅಂತ ಅಂದುಕೊಂಡೇ ಆಗುವ ತೊಂದರೆ. ಅಥವಾ ಸುಮ್ನೆ ಬಂದ ತಲೆಸುತ್ತೂ ಇರಬಹುದು. ಫಾರ್ಮಿನಲ್ಲಿ ಆಗಬಹುದಾದ ತೊಂದರೆಗಳ ಪಟ್ಟಿಯನ್ನು ಅವರಿಗೆ ಓದಿ ಹೇಳಿದವಳು ನಾನೇ.

ಶುಕ್ರವಾರ ಫೋನ್ ಮಾಡಿದೆ. "ಸರ್, ಮೊನ್ನೆ ನಾನು ಸುಳ್ಳು ಹೇಳಿದೆ. ಲೆಕ್ಕ ಮುಗಿದಿದೆ. ಆ ಮಾತ್ರೆ ಕೆಲಸ ಮಾಡಲಿಲ್ಲ."

ಸ್ವಲ್ಪ ಹೊತ್ತು ಏನೂ ಮಾತಿಲ್ಲ.

"ಹಾಗಾದ್ರೆ ನನಗೆ ಅಷ್ಟೊಂದು ತಲೆ ಸುತ್ತಿತ್ತಲ್ಲಮ್ಮಾ, ಅದು?"

"ಅದನ್ನ ಎದುರು ಕೂತು ಹೇಳ್ತೀನಿ ಸರ್" ಅಂದೆ. ಸೋಮವಾರ ಬರ್ತಾರಂತೆ.