ಉಪ್ಪಿಗಾಗಿ ಸೇತುವೆ ಕೆಡವಿದ ಡ್ಯೂಕ್

ಮಧ್ಯಯುಗದ ಸ್ಯಾಕ್ಸನಿ, ಅಂದರೆ ಉತ್ತರ ಜರ್ಮನಿಯ ದೊಡ್ಡ ಪ್ರಾಂತ್ಯ, ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಜಗಳದ ಕಥೆ. ಜರ್ಮನ್ ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ ಒಂದು ಕಡೆ, ಅವನ ಕೈಕೆಳಗೆ ಸ್ಯಾಕ್ಸನಿ ಆಳುತ್ತಿದ್ದ, 'ಸಿಂಹ' ಎಂದು ಹೆಸರಾದ ಡ್ಯೂಕ್ ಹೈನ್‌ರಿಷ್ ಇನ್ನೊಂದು ಕಡೆ. ಹೈನ್‌ರಿಷ್ ಬಾರ್ಬರೋಸಾಗೆ ಸ್ವಂತ ಸೋದರಮಾವನ ಮಗ. ಜಗಳ ದೊಡ್ಡದೇ, ಒಪ್ಪಿಕೊಳ್ಳೋಣ. ಆದರೆ ನನಗೆ ಈ ಮನುಷ್ಯ ನಿಜವಾಗಿ ಅರ್ಥವಾಗತೊಡಗಿದ್ದು ಲ್ಯೂನೆಬುರ್ಗ್‌ನ ಉಪ್ಪಿನಿಂದ.

ನಾನಿರುವ ಹ್ಯಾಂಬರ್ಗ್‌ನಿಂದ ಲ್ಯೂನೆಬುರ್ಗ್‌ಗೆ ರೈಲಿನಲ್ಲಿ ಹೆಚ್ಚು ಹೊತ್ತು ಬೇಡ. ಬಿಡುವಾದಾಗೆಲ್ಲ ಹೋಗುತ್ತೇನೆ. ಅಲ್ಲಿನ ಸೇಂಟ್ ಮಿಖಾಯೆಲ್ ಚರ್ಚಿನೊಳಗೆ ನಿಂತು ಕಂಬಗಳನ್ನು ನೋಡಬೇಕು. ನೆಟ್ಟಗಿಲ್ಲ, ವಾಲಿವೆ. ಊರಿನ ಕೆಳಗಿರುವ ಉಪ್ಪಿನ ಪದರ ಕರಗಿ, ನೂರಾರು ವರ್ಷದಿಂದ ಈ ಭಾಗದ ನೆಲ ಕುಸಿಯುತ್ತಲೇ ಇದೆ. ಆ ಉಪ್ಪುನೀರನ್ನು ಮೇಲಕ್ಕೆತ್ತಿ, ಸೀಸದ ಅಗಲ ಬಾಣಲೆಗಳಲ್ಲಿ ಸುರಿದು, ಕೆಳಗೆ ಸೌದೆ ಉರಿಸಿ ಕುದಿಸುತ್ತಿದ್ದರು. ನೀರು ಆವಿಯಾದ ಮೇಲೆ ಉಳಿಯುವ ಬಿಳಿ ಉಪ್ಪೇ ಊರಿನ ಐಶ್ವರ್ಯ. 956ರಲ್ಲೇ ಜರ್ಮನ್ ರಾಜ ಒಂದನೇ ಓಟ್ಟೋ ಇಲ್ಲಿನ ಉಪ್ಪಿನ ಸುಂಕವನ್ನು ಊರಿನ ಸೇಂಟ್ ಮಿಖಾಯೆಲ್ ಮಠಕ್ಕೆ ಬರೆದುಕೊಟ್ಟಿದ್ದ. ಮೀನು ಕೆಡದಂತೆ ಇಡಲು ಆಗ ಉಪ್ಪು ಬಹಳ ಬೇಕಿತ್ತು.

ಈ ಲ್ಯೂನೆಬುರ್ಗ್ ಹೈನ್‌ರಿಷ್‌ಗೆ ಅಜ್ಜಿ ವುಲ್ಫ್‌ಹಿಲ್ಡ್ ಕಡೆಯಿಂದ ಬಂದ ಮನೆತನದ ಆಸ್ತಿ. 1142ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಸ್ಯಾಕ್ಸನಿಯ ಡ್ಯೂಕ್ ಆದ. ಉತ್ತರದಲ್ಲಿ ಹೋಲ್‌ಸ್ಟೈನ್‌ನ ಕೌಂಟ್ ಅಡಾಲ್ಫ್‌ಗೆ ಓಲ್ಡೆಸ್ಲೋ ಎಂಬಲ್ಲಿ ಉಪ್ಪಿನ ಬುಗ್ಗೆಗಳಿದ್ದವು. ತನ್ನ ಉಪ್ಪಿನ ವ್ಯಾಪಾರಕ್ಕೆ ಪೆಟ್ಟು ಅಂತ ಹೈನ್‌ರಿಷ್ ಅವನ್ನು ಮುಚ್ಚಿಸಿಬಿಟ್ಟ. ಅಡಾಲ್ಫ್ ಯಾರೋ ಶತ್ರುವಲ್ಲ, ಇವನದೇ ಕೈಕೆಳಗಿನವನು! ಅಡಾಲ್ಫ್ ಕಟ್ಟಿದ್ದ ಲ್ಯೂಬೆಕ್‌ನ ಸಂತೆಯನ್ನೂ ಬಿಡಲಿಲ್ಲ. ಕೊನೆಗೆ ಅಡಾಲ್ಫ್ ಆ ಜಾಗ ಬಿಟ್ಟುಕೊಟ್ಟ. 1159ರಲ್ಲಿ ಹೈನ್‌ರಿಷ್ ಅಲ್ಲೇ ಹೊಸದಾಗಿ ಊರು ಕಟ್ಟಿಸಿದ.

ದಕ್ಷಿಣದಲ್ಲೂ ಇದೇ ವರಸೆ. 1156ರಲ್ಲಿ ದಕ್ಷಿಣ ಜರ್ಮನಿಯ ಬವೇರಿಯಾ ಕೂಡ ಕೈಗೆ ಬಂತು. ಉಪ್ಪಿನ ಗಾಡಿಗಳು ಇಸಾರ್ ನದಿ ದಾಟುತ್ತಿದ್ದದ್ದು ಫ್ರೈಸಿಂಗ್ ಬಿಷಪ್ಪನ ಸೇತುವೆ ಮೇಲೆ, ಸುಂಕವೂ ಬಿಷಪ್ಪನಿಗೇ. ಹೈನ್‌ರಿಷ್ ಆ ಸೇತುವೆ ಕೆಡವಿಸಿ ತನ್ನ ಜಾಗದಲ್ಲಿ ಇನ್ನೊಂದು ಕಟ್ಟಿಸಿದ. 1158ರಲ್ಲಿ ಬಾರ್ಬರೋಸಾ ರಾಜಿ ಮಾಡಿಸಿದ: ಸಂತೆ ಹೊಸ ಜಾಗದಲ್ಲೇ ಇರಲಿ, ಆದಾಯದಲ್ಲಿ ಮೂರನೇ ಒಂದು ಪಾಲು ಬಿಷಪ್ಪನಿಗೆ ಹೋಗಲಿ. ಆ ಹೊಸ ಜಾಗವೇ ಮ್ಯೂನಿಕ್.

ಇಷ್ಟು ಜನರನ್ನು ಎದುರು ಹಾಕಿಕೊಂಡವನಿಗೆ ಕಷ್ಟಕಾಲದಲ್ಲಿ ಯಾರು ನಿಲ್ಲುತ್ತಾರೆ? 1176ರಲ್ಲಿ ಬಾರ್ಬರೋಸಾ ಇಟಲಿಯ ಯುದ್ಧಕ್ಕೆ ಸೈನ್ಯ ಕೇಳಿದಾಗ ಇವನು ಕೊಡಲಿಲ್ಲ. ಆಮೇಲೆ ಸ್ಯಾಕ್ಸನಿಯ ದೊರೆಗಳೆಲ್ಲ ದೂರು ಹೊತ್ತು ಬಂದರು. ವಿಚಾರಣೆಗೆ ಕರೆದರೆ ಇವನು ಹೋಗಲೇ ಇಲ್ಲ. 1180ರಲ್ಲಿ ಎರಡೂ ಡಚಿ (ಡ್ಯೂಕ್ ಆಳುವ ಪ್ರಾಂತ್ಯ), ಸ್ಯಾಕ್ಸನಿ ಮತ್ತು ಬವೇರಿಯಾ, ಹೋದವು. ಸ್ಯಾಕ್ಸನಿಯನ್ನಂತೂ ಹೋಳು ಮಾಡಿದರು: ಪಶ್ಚಿಮದ ಭಾಗ ಕಲೋನ್ ಆರ್ಚ್‌ಬಿಷಪ್‌ಗೆ, ಪೂರ್ವದ್ದು ಅಸ್ಕಾನಿಯ ಮನೆತನದ ಬರ್ನ್‌ಹಾರ್ಡ್‌ಗೆ. ಹಳೆಯ ದೊಡ್ಡ ಸ್ಯಾಕ್ಸನಿ ಮತ್ತೆ ಒಂದಾಗಲೇ ಇಲ್ಲ. ಹೈನ್‌ರಿಷ್ ದೇಶ ಬಿಟ್ಟು ಹೆಂಡತಿಯ ತಂದೆ, ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯ ಆಸರೆಗೆ ಹೋದ.

ಚಕ್ರವರ್ತಿ ಕೊಟ್ಟ ಪದವಿ ಚಕ್ರವರ್ತಿಯಿಂದಲೇ ಹೋಯಿತು. ಬ್ರೌನ್‌ಷ್ವೈಗ್ ಮತ್ತು ಲ್ಯೂನೆಬುರ್ಗ್ ಮಾತ್ರ ಪಿತ್ರಾರ್ಜಿತ, ಅವು ಉಳಿದವು. ಹೈನ್‌ರಿಷ್ ತೀರಿಕೊಂಡದ್ದು 1195ರಲ್ಲಿ, ಬ್ರೌನ್‌ಷ್ವೈಗ್‌ನಲ್ಲೇ. 1235ರಲ್ಲಿ ಅವನ ಮೊಮ್ಮಗ ಓಟ್ಟೋ ಆ ಜಮೀನನ್ನು ಮೈಂಟ್ಸ್ ಊರಲ್ಲಿ ಸೇರಿದ ಸಭೆಯಲ್ಲಿ ಚಕ್ರವರ್ತಿಗೆ ಒಪ್ಪಿಸಿ, ಹೊಸ ಡಚಿಯಾಗಿ ವಾಪಸ್ ಪಡೆದ. ಕೊಟ್ಟವನು ಎರಡನೇ ಫ್ರೆಡ್ರಿಕ್, ಬಾರ್ಬರೋಸಾನ ಮೊಮ್ಮಗ. ತಾತಂದಿರು ಕೆಡಿಸಿಕೊಂಡದ್ದನ್ನು ಮೊಮ್ಮಕ್ಕಳು ಸರಿಮಾಡಿದರು. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಘಟ್ಟ ಇದು.

ಉಪ್ಪಿನಿಂದ ಬೆಳೆದ ಊರು ಮಾತ್ರ ಡ್ಯೂಕ್‌ಗಳ ಹಿಡಿತದಲ್ಲಿ ಸುಮ್ನೆ ಕೂರಲಿಲ್ಲ. 1371ರಲ್ಲಿ ಲ್ಯೂನೆಬುರ್ಗ್ ಜನ ಗುಡ್ಡದ ಮೇಲಿದ್ದ ಡ್ಯೂಕನ ಕೋಟೆಯನ್ನೇ ಕೆಡವಿದರು. ಡ್ಯೂಕನ ಅರಮನೆ ಟ್ಸೆಲ್ಲೆ ಎಂಬ ಊರಿಗೆ ಹೋಯಿತು, ಉಪ್ಪಿನ ವ್ಯಾಪಾರ ಊರಿನವರ ಕೈಯಲ್ಲೇ ನಡೆಯಿತು.